ನಮ್ಮ ವಂಶದಲ್ಲಿ ಯಾರಿಗೂ ಇಲ್ಲ

ಡಾಕ್ಟರ್ ಕೇಳಿದ್ದು ನನ್ನ ಮಗಳನ್ನು. ಉತ್ತರ ಕೊಟ್ಟವನು ನಾನು.

"ಫ್ಯಾಮಿಲಿಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?" ಎಂದು ಡಾಕ್ಟರ್ ಅನಂತಲಕ್ಷ್ಮಿ ಕವನಾಳ ಮುಖ ನೋಡಿ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು, "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಮೇಡಂ. ನಮ್ಮ ತಾತ ದೊಡ್ಡಹನುಮಯ್ಯ ನೂರು ವರ್ಷ ಬದುಕಿದೋರು. ಕೋಲು ಹಿಡೀಲಿಲ್ಲ, ಕನ್ನಡಕ ಹಾಕ್ಲಿಲ್ಲ," ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅನಿಸುತ್ತದೆ, ಪಕ್ಕದ ಕೋಣೆಯ ನರ್ಸ್ ಇಣುಕಿ ನೋಡಿ ಹೋದಳು. ಡಾಕ್ಟರ್ ಫೈಲಿನಲ್ಲಿ ಒಂದೇ ಒಂದು ಪದ ಬರೆದುಕೊಂಡರು. ಇಷ್ಟು ಚಿಕ್ಕ ವಯಸ್ಸಿಗೆ ಬಂದಿರುವುದರಿಂದ ಇದು ರಕ್ತದಲ್ಲೇ ವಂಶದಿಂದ ಇಳಿದು ಬಂದದ್ದೋ ಅಲ್ಲವೋ ಎಂದು ನೋಡುವ ಟೆಸ್ಟ್ ಒಂದಿದೆ, ಮಾಡಿಸಿದರೆ ಒಳ್ಳೆಯದು ಎಂದರು. ಹಾಗೇನಾದರೂ ಇದ್ದರೆ ಇನ್ನೊಂದು ಎದೆಯ ಬಗ್ಗೆಯೂ, ಮುಂದೆ ಅವಳ ಮಗಳ ಬಗ್ಗೆಯೂ ಮೊದಲೇ ಯೋಚಿಸಬಹುದಂತೆ. ಇಲ್ಲದ್ದನ್ನು ಯಾಕೆ ಹುಡುಕಬೇಕು, ಬೇಡ ಎಂದೆ. ಕವನಾ ನನ್ನ ಮುಖ ನೋಡಿ, "ಆಮೇಲೆ ಹೇಳ್ತೀವಿ ಡಾಕ್ಟ್ರೇ," ಎಂದಳು.

ನಾನು ನಂಜುಂಡಪ್ಪ. ಮೂಡಲಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವನು. ನಮ್ಮ ಹೊಲದ ಮೇಲೆ ಲೇಔಟ್ ಬಂತು, ಉಳಿದ ಸೈಟಿನಲ್ಲಿ ಹಿಟ್ಟಿನ ಮಿಲ್ ಹಾಕಿ ಮೂವತ್ತೈದು ವರ್ಷ ನಡೆಸಿದೆ. ಮಿಲ್ಲಿಗೆ ಬರುವ ಡಬ್ಬ ನೋಡಿ ಆ ಮನೆಯವರ ಆರೋಗ್ಯ ಹೇಳುತ್ತಿದ್ದೆ. ಮೊದಮೊದಲು ಹತ್ತು ಡಬ್ಬದಲ್ಲಿ ಎಂಟು ರಾಗಿಯವು. ಆಮೇಲೆ ಗೋಧಿ ಬಂತು. ಆಮೇಲೆ ಡಬ್ಬ ಬರುವುದೇ ನಿಂತಿತು, ಎಲ್ಲರೂ ಪ್ಯಾಕೆಟ್ ಹಿಟ್ಟಿಗೆ ಹೋದರು. ಡಬ್ಬ ನಿಂತ ಮನೆಗಳಿಗೆ ಒಂದೊಂದಾಗಿ ಶುಗರ್, ಬಿಪಿ, ಹಾರ್ಟು, ಕ್ಯಾನ್ಸರ್ ಬಂದವು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಪೇಪರಿನಲ್ಲಿ ಓದಿ ಹೇಳುತ್ತಿಲ್ಲ. ಹಾಗಾಗಿ ಕವನಾಳ ಎಡಗಡೆ ಎದೆಯಲ್ಲಿ ಗಂಟು ಸಿಕ್ಕಿದಾಗ ಅದು ಎಲ್ಲಿಂದ ಬಂತು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳಿಗೆ ಮೂವತ್ತೆಂಟು. ರಾಜಾಜಿನಗರದ ಒಂದು ಬ್ಯಾಂಕಿನಲ್ಲಿ ಮ್ಯಾನೇಜರ್. ಮನೆ ಶ್ರೀಗಂಧದ ಕಾವಲ್‌ನಲ್ಲಿ, ಗಂಡ ಗಿರಿರಾಜ್, ಹನ್ನೆರಡು ವರ್ಷದ ಮಗಳು ಸ್ಮೃತಿ. ಆಪರೇಷನ್ ಆದ ಮೇಲೆ ಕೀಮೋ ಮುಗಿಯುವವರೆಗೆ ನಮ್ಮಲ್ಲೇ ಇರಲಿ ಎಂದು ಕರೆದುಕೊಂಡು ಬಂದೆವು. ಬಂದ ವಾರದಲ್ಲೇ ನಾನು ಅವಳ ಜೀವನದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿದೆ. ಬೆಳಿಗ್ಗೆ ತಿಂಡಿ ಬಿಡುವುದು. ಪ್ಲಾಸ್ಟಿಕ್ ಡಬ್ಬದಲ್ಲಿ ಬಿಸಿ ಸಾರು. ರಾತ್ರಿ ಹತ್ತಕ್ಕೆ ಊಟ, ಅದೂ ಹೊರಗಿನಿಂದ ತರಿಸಿದ್ದು. ಮಗುವಿಗೆ ಮೂರೇ ತಿಂಗಳು ಹಾಲು ಕೊಟ್ಟು ಕೆಲಸಕ್ಕೆ ಓಡಿದ್ದು. ದಿಂಬಿನ ಪಕ್ಕದಲ್ಲಿ ಮೊಬೈಲು. ನಾನ್‌ಸ್ಟಿಕ್ ತವಾಗಳನ್ನು ತಿಪ್ಪೆಗೆ ಎಸೆದೆ, ಮಣ್ಣಿನ ಮಡಕೆ ತಂದೆ, ಗಾಣದ ಎಣ್ಣೆ ತಂದೆ. ಹಠಕ್ಕೆ ಬಿದ್ದರೆ ನಾನು ಹಾಗೆಯೇ.

"ಸಾಕು ನಿಲ್ಸಿ. ಮಗಳು ವಾಂತಿ ಮಾಡ್ಕೊಂಡು ಸಾಯ್ತಾ ಇದಾಳೆ, ನಿಮ್ದು ಎಣ್ಣೆ ಪುರಾಣ," ಎಂದು ನನ್ನ ಹೆಂಡತಿ ಬೈದಳು.

"ಗೊತ್ತಿರೋದು ಹೇಳ್ಬಾರ್ದಾ?" ಎಂದೆ.

ಕವನಾ ಮಾತ್ರ ಒಂದು ದಿನವೂ ಎದುರಾಡಲಿಲ್ಲ. ಎಲ್ಲ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದಳು. ಒಂದು ಸಂಜೆ ಸ್ಮೃತಿ ಶಾಲೆಯಿಂದ ನೇರ ಇಲ್ಲಿಗೆ ಬಂದಿದ್ದಾಗ ಕವನಾ ಅವಳ ಕೈ ಹಿಡಿದುಕೊಂಡು, "ಸಾರಿ ಪುಟ್ಟಾ, ಅಮ್ಮ ನಿಂಗೆ ಎಲ್ಲಾ ತಪ್ಪು ತಪ್ಪು ತಿನ್ನಿಸ್ಬಿಟ್ಟೆ," ಎನ್ನುತ್ತಿದ್ದುದು ಕಿವಿಗೆ ಬಿತ್ತು. ಮಗು ಪಿಳಿಪಿಳಿ ನೋಡುತ್ತಿತ್ತು. ನಾನು ಒಳಗೊಳಗೇ, ಸದ್ಯ ಈಗಲಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಾನು ಬೆಳಿಗ್ಗೆ ವಾಕಿಂಗ್ ಹೋಗುವ ಪಾರ್ಕಿಗೆ ವಿಜಯನಗರದಿಂದ ಜಗನ್ನಾಥ ಎನ್ನುವವರು ಬರುತ್ತಾರೆ. ಜೀವವಿಮೆಯಲ್ಲಿ ಆಫೀಸರಾಗಿದ್ದು ರಿಟೈರ್ ಆದವರು. ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬ ಲೆಕ್ಕ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಾನು ನನ್ನ ರಾಗಿ ಡಬ್ಬದ ವಿಷಯ ಹೇಳಿದರೆ ಅವರು ನಕ್ಕುಬಿಟ್ಟರು.

"ಹಿಂದೆ ಕ್ಯಾನ್ಸರ್ ಬರೋಕೆ ಟೈಮ್ ಎಲ್ಲಿತ್ತು ರೀ? ಅದಕ್ಕೆ ಮುಂಚೇನೇ ಪ್ಲೇಗು, ಕಾಲರಾ, ಬಾಣಂತಿ ಜ್ವರ ಬಂದು ಕರ್ಕೊಂಡ್ ಹೋಗ್ಬಿಡ್ತಿತ್ತು. ಈಗ ಎಪ್ಪತ್ತು ಎಂಬತ್ತು ಬದುಕ್ತೀವಿ. ಮೈ ಸವೆಯುತ್ತೆ, ಕಾಯಿಲೆ ಕಾಣುತ್ತೆ. ಅಷ್ಟೇ."

"ನನ್ ಮಗಳು ಎಂಬತ್ತು ವರ್ಷ ಬದುಕ್ಬಿಟ್ಟಿದಾಳಾ ಸಾರ್?" ಎಂದು ಕೇಳಿದೆ.

ಜಗನ್ನಾಥರ ಮುಖ ಪೆಚ್ಚಾಯಿತು. ಆಮೇಲೆ ಅವರು ಮೆಲ್ಲಗೆ, "ತಪ್ಪಾಯ್ತು ಕಣ್ರೀ. ನಾನು ಊರಿನ ಲೆಕ್ಕ ಹೇಳ್ದೆ, ನಿಮ್ಮ ಮನೇದಲ್ಲ. ಆದ್ರೂ ಒಂದ್ ಕೆಲಸ ಮಾಡಿ, ನಿಮ್ಮ ಮನೇಲಿ ಯಾರ್ಯಾರು ಎಷ್ಟೆಷ್ಟು ವಯಸ್ಸಿಗೆ ಹೋದ್ರು ಬರ್ಕೊಂಡ್ ಬನ್ನಿ. ನೋಡೋಣ," ಎಂದರು.

ಬರೆದುಕೊಂಡು ಹೋಗಿ ಅವರ ಮುಖಕ್ಕೆ ಹಿಡಿಯಬೇಕು ಎಂಬ ಛಲ ಬಂತು. ಪಿತೃಪಕ್ಷ ಹತ್ತಿರವಿತ್ತು. ಪ್ರತಿ ವರ್ಷ ಎಡೆ ಇಡುವ ದಿನಕ್ಕೆ ಅತ್ತಿಗುಪ್ಪೆಯಿಂದ ನಮ್ಮ ಸೋದರತ್ತೆ ಯಶೋದಮ್ಮನನ್ನು ಕರೆದುಕೊಂಡು ಬರುತ್ತೇನೆ. ಅಪ್ಪನ ತಂಗಿ, ವಯಸ್ಸು ಎಂಬತ್ತಾರು, ಕಣ್ಣು ಮಂದ, ನೆನಪು ಚುರುಕು. ನಮ್ಮ ಹಿರಿಯರನ್ನು ಕಂಡವರಲ್ಲಿ ಉಳಿದಿರುವುದು ಆಕೆಯೊಬ್ಬಳೇ.

ಆಟೋದಲ್ಲೇ ಶುರುಮಾಡಿದೆ. "ಅತ್ತೆ, ತಾತ ಹೋದಾಗ ನೂರಾಗಿತ್ತೋ, ಒಂದೆರಡು ಹೆಚ್ಚೋ?"

"ಯಾವ ನೂರ್ಲಾ? ಅಪ್ಪಂಗೆ ಅರವತ್ತೂ ತುಂಬಿರ್ಲಿಲ್ಲ."

"ಎಲ್ರೂ ನೂರು ಅಂತಿದ್ರಲ್ಲ!"

"ಹಲ್ಲು ಬಿದ್ದೋಗಿದ್ವು, ಬೆನ್ನು ಬಗ್ಗಿತ್ತು. ನೋಡ್ದೋರು ನೂರು ಅಂದ್ರು. ಹುಟ್ಟಿದ್ ದಿನ ಯಾರ್ ಬರ್ದಿಟ್ಟಿದ್ರು?"

ಕೋಲು, ಕನ್ನಡಕದ ವಿಷಯ ಕೇಳಲು ಧೈರ್ಯ ಬರಲಿಲ್ಲ. ಮಿಕ್ಕವರ ವಯಸ್ಸು ಕೇಳಿದೆ. ದೊಡ್ಡಪ್ಪ ಐವತ್ತು, ಹೊಟ್ಟೆ ನೋವು. ಚಿಕ್ಕಜ್ಜಿ ಹೆರಿಗೆಯಲ್ಲಿ, ಇಪ್ಪತ್ತೆರಡು. ಇಬ್ಬರು ಮಕ್ಕಳು ಸಿಡುಬಿಗೆ. ಆಟೋ ನಮ್ಮ ಮನೆ ತಿರುವಿಗೆ ಬರುವಷ್ಟರಲ್ಲಿ ಜಗನ್ನಾಥರ ಮುಖಕ್ಕೆ ಹಿಡಿಯಲು ನನ್ನ ಕೈಯಲ್ಲಿ ಒಬ್ಬನೂ ಉಳಿದಿರಲಿಲ್ಲ.

ನಮ್ಮ ಕಡೆ ಎಡೆ ಇಡುವ ಕ್ರಮ ಹೀಗೆ. ಗೋಡೆಯ ಬದಿಗೆ ಸಾಲಾಗಿ ಬಾಳೆ ಎಲೆ ಹಾಕಿ, ಸತ್ತವರು ಒಬ್ಬೊಬ್ಬರಿಗೂ ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತೇವೆ. ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ; ದೊಡ್ಡಪ್ಪನಿಗೆ ಬೀಡಿ. ಎಲೆಯ ಮುಂದೆ ಹೊಸ ಬಟ್ಟೆ. ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ ಮತ್ತು ರವಿಕೆ ಕಣ. ಸಾಂಬ್ರಾಣಿ ಹೊಗೆ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವೆ.

ಇದರಲ್ಲಿ ಅಪ್ಪನ ತಾಯಿ ಸಣ್ಣಹನುಮಕ್ಕನ ಎಡೆ ಮಾತ್ರ ಬೇರೆ. ಆಕೆಗೆ ಸೀರೆ ಮಾತ್ರ ಇಡಬೇಕು, ರವಿಕೆ ಇಡಬಾರದು. ನನ್ನ ಅಮ್ಮ ಹಾಗೆಯೇ ಮಾಡುತ್ತಿದ್ದಳು, ಮದುವೆಯಾಗಿ ಬಂದ ನನ್ನ ಹೆಂಡತಿಗೂ ಹಾಗೆಯೇ ಹೇಳಿಕೊಟ್ಟಿದ್ದಳು. ಈ ಸಲ ಹೆಂಡತಿ ತಂದ ಸೀರೆಯಲ್ಲಿ ರವಿಕೆ ಬಟ್ಟೆ ಸೇರಿಯೇ ಬಂದಿತ್ತು. ಅವಳು ಕತ್ತರಿ ಹಿಡಿದು ಅದನ್ನು ಕತ್ತರಿಸಲು ಕೂತಳು. ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ ಕವನಾ, "ಮುತ್ತಜ್ಜಿಗೆ ಯಾಕಮ್ಮ ರವಿಕೆ ಇಡಲ್ಲ?" ಎಂದಳು.

ಸಿಕ್ಕಿತು ನನಗೆ ಅವಕಾಶ. "ಆಗಿನ್ ಕಾಲದ್ ಹೆಂಗಸ್ರು ರವಿಕೆ ಹಾಕ್ತಿರ್ಲಿಲ್ಲ ಕಣಮ್ಮ. ಮೈಗೆ ಗಾಳಿ ಬಿಸಿಲು ಚೆನ್ನಾಗಿ ತಾಗ್ತಿತ್ತು. ಈಗಿನ್ ಥರ ಬಿಗಿಬಿಗಿ ಬಟ್ಟೆ ಇಲ್ಲ, ನೈಲಾನ್ ಇಲ್ಲ. ಅದಕ್ಕೇ ನೋಡು ಇಂಥ ಕಾಯಿಲೆನೇ..."

"ಬಾಯ್ ಮುಚ್ಚಲಾ ನಂಜುಂಡ," ಎಂದಳು ಅತ್ತೆ.

ಗೋಡೆಗೆ ಒರಗಿ ಕೂತಿದ್ದ ಮುದುಕಿ ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಹೆಂಡತಿ ಕತ್ತರಿ ಕೆಳಗಿಟ್ಟಳು.

"ಅವ್ವ ರವಿಕೆ ಹಾಕ್ತಿದ್ಲು. ಅಂಚಿರೋ ರವಿಕೆ ಅಂದ್ರೆ ಪ್ರಾಣ ಅವ್ಳಿಗೆ. ಎದೇಲಿ ಗಂಟೆದ್ದ ಮ್ಯಾಲೆ ಬಿಟ್ಲು. ಗಂಟು ಒಡ್ದು ಹುಣ್ಣಾಯ್ತು. ಬಟ್ಟೆ ತಾಗಿದ್ರೆ ಕಿರುಚ್ಕೊಳ್ಳೋಳು. ವಾಸ್ನೆ ಅಂತ ಹಿತ್ಲು ಕೊಟ್ಟಿಗೇಲಿ ಮಲಗ್ಸಿದ್ರು. ಬೇವಿನ್ ಸೊಪ್ಪು ಅರ್ದು ನಾನೇ ಹಚ್ಚೋಳು, ಹನ್ನೆರ್ಡು ವರ್ಷ ನಂಗೆ. ಅವ್ಳಿಗೆ ನಲ್ವತ್ತಾಗಿತ್ತೋ ಇಲ್ವೋ. ಕಣ್ಣು ಮುಚ್ಚೋ ಮುಂದೆ, ನಂಗೆ ಇನ್ ರವಿಕೆ ತೊಡಿಸ್ಬ್ಯಾಡ್ರೋ ಅಂದ್ಲು. ಅದಕ್ಕೆ ಇಡಲ್ಲ."

"ಇಷ್ಟು ದಿನ ಯಾಕತ್ತೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೆಣ್ಮಕ್ಳಿಗೆ ಗಂಡು ಸಿಕ್ಕಲ್ಲ ಅಂತ ಅಪ್ಪ ಆಣೆ ಹಾಕ್ಸಿದ್ದ. ಈ ಮಗೀಗೆ ಎದೇಲಿ ಅಂತ ನೀವೂ ನಂಗೆ ಹೇಳಿದ್ರಾ? ಹೊಟ್ಟೆ ಆಪ್ರೇಸನ್ ಅಂದ್ರಿ. ಇವತ್ತು ಇವ್ಳ್ ತಲೆ ನೋಡಿ ಗೊತ್ತಾಯ್ತು."

ಅದು ನಿಜ. ಹಾಗೆ ಹೇಳಿದವನು ನಾನೇ.

ಕವನಾ ಎದ್ದು ಬಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿದಾಗ ಮುಖದಲ್ಲಿ ಆರು ತಿಂಗಳಿಂದ ಕಾಣದ ಒಂದು ಕಳೆ ಇತ್ತು. "ಹಾಗಾದ್ರೆ ನಾನ್ ಮಾಡ್ಕೊಂಡಿದ್ದಲ್ವಾ ಅಪ್ಪ ಇದು? ರಕ್ತದಲ್ಲೇ ಇತ್ತಾ?" ಎಂದಳು.

ಸಣ್ಣಹನುಮಕ್ಕ ತಿಂದದ್ದು ರಾಗಿ, ಕುಡಿದದ್ದು ಬಾವಿ ನೀರು. ಪ್ಲಾಸ್ಟಿಕ್ ಕಂಡವಳಲ್ಲ, ಐದು ಮಕ್ಕಳಿಗೆ ಹಾಲೂಡಿಸಿದವಳು. ಅಲ್ಲಿಗೆ ನನ್ನ ಮಿಲ್ಲಿನ ಲೆಕ್ಕ ಹೋಯಿತು. ನಲವತ್ತಕ್ಕೇ ಹೋದಳು, ಹಾಗಾಗಿ ಜಗನ್ನಾಥರ ಲೆಕ್ಕವೂ ಹೋಯಿತು. ಹಾಗಾದರೆ ಅತ್ತೆ? ಅದೇ ತಾಯಿಯ ಮಗಳು ಎಂಬತ್ತಾರಕ್ಕೂ ಗಟ್ಟಿಮುಟ್ಟಾಗಿ ಎದುರಿಗೇ ಕೂತಿದ್ದಾಳೆ. ತಲೆ ಕೆಟ್ಟು ಹೋಯಿತು.

ಎರಡು ದಿನದಲ್ಲೇ ಕವನಾ ರಕ್ತ ಕೊಟ್ಟು ಬಂದಳು. ಡಾಕ್ಟರ್ ಅನಂತಲಕ್ಷ್ಮಿ ಫೈಲು ತೆಗೆದು, ಮೊದಲು ಬರೆದಿದ್ದ ಪದವನ್ನು ಹೊಡೆದು ಹಾಕಿ ಬೇರೆ ಬರೆದರು. ನನ್ನ ಮುಖ ನೋಡಲಿಲ್ಲ, ಅದೊಂದು ಪುಣ್ಯ. ಗಂಡಸರ ಮೂಲಕವೂ ಅದು ಇಳಿಯಬಹುದು, ಅವರಿಗೆ ಏನೂ ಕಾಣಿಸಿಕೊಳ್ಳದೇ ಇರಬಹುದು ಎಂದರು. ಅಂದರೆ ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ನನಗೆ, ನನ್ನಿಂದ ಅವಳಿಗೆ. ಆ ದಿನ ಸ್ನಾನ ಮಾಡುವಾಗ ನನ್ನ ಕೈಯನ್ನೇ ನೋಡಿಕೊಂಡು ನಿಂತಿದ್ದೆ.

ರಿಪೋರ್ಟ್ ಬರಲು ಮೂರು ವಾರ. ವಿಚಿತ್ರವೆಂದರೆ ಆ ಮೂರು ವಾರ ಕವನಾ ಚೆನ್ನಾಗಿದ್ದಳು. ಅಮ್ಮನ ಹತ್ತಿರ ಕೇಳಿ ಗೋಳಿಬಜೆ ಮಾಡಿಸಿಕೊಂಡಳು. "ಮುತ್ತಜ್ಜಿ ನಂಗೊಂದು ಆಸ್ತಿ ಬರ್ದಿಟ್ಟಿದ್ಲು, ನಿಮ್ಗೇ ಗೊತ್ತಿರ್ಲಿಲ್ಲ," ಎಂದು ನನ್ನನ್ನು ಛೇಡಿಸಿದಳು. ಸ್ಮೃತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಕ್ಕಳು. ಒಂದು ದಿನ ಗಿರಿರಾಜ್ ಬಂದಾಗ, ರಿಪೋರ್ಟ್‌ನಲ್ಲಿ ಹೌದು ಎಂದು ಬಂದರೆ ಇನ್ನೊಂದು ಎದೆಯನ್ನೂ ತೆಗೆಸಿಬಿಡುತ್ತೇನೆ, ಒಂದೇ ಸಲ ನೆಮ್ಮದಿ ಎಂದಳು. ಅಳಿಯ ತಲೆ ತಗ್ಗಿಸಿ ಹೂಂ ಎಂದ. ನಾನು ಎಣ್ಣೆಯ ಮಾತು ಎತ್ತುವುದನ್ನೇ ಬಿಟ್ಟೆ. ಮಗಳು ನಗುತ್ತಿದ್ದರೆ ಸಾಕಾಗಿತ್ತು, ತಪ್ಪು ನನ್ನ ರಕ್ತದ್ದಾದರೂ ಆಗಲಿ.

ಪಾರ್ಕಿನಲ್ಲಿ ಜಗನ್ನಾಥರಿಗೆ ಎಲ್ಲ ಹೇಳಿದೆ. ಅವರು ಬೆಂಚಿನ ಮೇಲೆ ಕೂತರು. "ಲಕ್ಷ ಜನರನ್ನ ಕೊಡಿ, ಎಷ್ಟು ಜನಕ್ಕೆ ಬರುತ್ತೆ ಹೇಳ್ತೀನಿ. ಯಾರಿಗೆ ಬರುತ್ತೆ ಅಂತ ಮೂವತ್ತು ವರ್ಷದ ಸರ್ವಿಸಲ್ಲಿ ನಂಗೊಂದ್ ಸಲಾನೂ ಗೊತ್ತಾಗಿಲ್ಲ ಕಣ್ರೀ," ಎಂದರು. ನನಗೆ ಅವರ ಮೇಲಿದ್ದ ಕೋಪ ಹೋಯಿತು.

ರಿಪೋರ್ಟ್ ಬಂದ ದಿನ ಕವನಾಗೆ ಜ್ವರ. ನಾನೊಬ್ಬನೇ ಆಸ್ಪತ್ರೆಗೆ ಹೋದೆ. ಡಾಕ್ಟರ್ ಹಾಳೆ ತಿರುವಿ, "ಏನೂ ಇಲ್ಲ ಸಾರ್. ನಮಗೆ ಗೊತ್ತಿರೋ ದೋಷ ಯಾವ್ದೂ ಕಾಣಿಸ್ತಿಲ್ಲ. ಒಳ್ಳೆ ಸುದ್ದಿ," ಎಂದರು.

"ಹಂಗಂದ್ರೆ ನಮ್ಮಜ್ಜಿದು?"

"ಅವರದು ಅವರಿಗೇ ಬಂದಿರಬಹುದು. ಇಬ್ಬರಿಗೂ ಬಂತು ಅಂದ ಮಾತ್ರಕ್ಕೆ ಸಂಬಂಧ ಇರಲೇಬೇಕು ಅಂತಿಲ್ಲ. ಪೂರ್ತಿ ಇಲ್ಲ ಅಂತಾನೂ ಹೇಳಕ್ಕಾಗಲ್ಲ, ಈ ಟೆಸ್ಟ್‌ಗೆ ಕಾಣದೇ ಇರೋದು ಇರಬಹುದು. ಆದ್ರೆ ಇಷ್ಟರ ಮೇಲೆ ಇನ್ನೊಂದು ಕಡೆ ಆಪರೇಷನ್ ಮಾಡಿ ಅಂತ ನಾನು ಹೇಳಲ್ಲ. ಬೇಕಾಗಿಲ್ಲ."

"ಹಂಗಾದ್ರೆ ಈಗಿನ್ ಊಟ, ಈಗಿನ್ ಜೀವನ. ಅದೇ ಕಾರಣ ಆಯ್ತಲ್ಲ?"

"ಊರಿಗೆಲ್ಲ ಸೇರಿ ಕೇಳಿದ್ರೆ ಹೇಳ್ತೀನಿ. ಜಾಸ್ತಿ ವರ್ಷ ಬದುಕ್ತೀವಿ ಅನ್ನೋದು ದೊಡ್ಡ ಕಾರಣ. ಜೀವನ ಬದಲಾಗಿರೋದೂ ಸೇರುತ್ತೆ. ಮೊದ್ಲು ಹೆಸರಿಲ್ಲದೆ ಸತ್ತೋರಿಗೆ ಈಗ ಹೆಸರು ಸಿಗ್ತಿದೆ, ಅದೂ ಒಂದು. ನಿಮ್ಮ ಮಗಳಿಗೆ ಯಾಕೆ ಬಂತು ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ ಸಾರ್."

"ಯಾರಿಗ್ ಗೊತ್ತಿರುತ್ತೆ ಹಂಗಾದ್ರೆ?"

ಅವರು ನನ್ನ ಕಡೆಗೆ ನೀರಿನ ಬಾಟಲಿ ತಳ್ಳಿದರು.

ಬಸ್ಸು ಹತ್ತದೆ ಬಹಳ ದೂರ ನಡೆದೆ. ಒಳ್ಳೆಯ ಸುದ್ದಿ ನಿಜ. ಸ್ಮೃತಿಗೆ ಒಳ್ಳೆಯದು, ಇನ್ನೊಂದು ಆಪರೇಷನ್ ಇಲ್ಲ. ಆದರೆ ರಕ್ತದಲ್ಲಿಲ್ಲ ಎಂದ ತಕ್ಷಣ ಅವಳು ಮತ್ತೆ ತನ್ನ ಮೇಲೆ ತಾನೇ ಹೊರಿಸಿಕೊಳ್ಳುತ್ತಾಳೆ. ಮತ್ತೆ ಆ ಮಗುವಿನ ಕೈ ಹಿಡಿದು ಕ್ಷಮೆ ಕೇಳುತ್ತಾಳೆ. ಡಾಕ್ಟರ್ ಎರಡು ಮಾತು ಹೇಳಿದ್ದರು. ಎರಡನೆಯದನ್ನು ಮಾತ್ರ ಹೇಳಿಬಿಟ್ಟರೆ? ಪೂರ್ತಿ ಇಲ್ಲ ಎನ್ನಲು ಆಗುವುದಿಲ್ಲವಂತೆ ಮಗಳೇ, ನಮ್ಮ ಕಡೆಯಿಂದಲೇ ಬಂದಿದ್ದು, ನನ್ನಿಂದಲೇ. ಅದು ಪೂರ್ತಿ ಸುಳ್ಳೇನೂ ಆಗುತ್ತಿರಲಿಲ್ಲ. ತಪ್ಪನ್ನು ನನ್ನ ತಲೆಗೆ ಕಟ್ಟಿಕೊಳ್ಳಲು ನನಗೆ ಆಸೆಯೇ ಆಗುತ್ತಿತ್ತು. ಆದರೆ ಹಾಗೆ ಹೇಳಿದರೆ ಅವಳು ಇನ್ನೊಂದನ್ನೂ ಕೊಯ್ಯಿಸಿಕೊಳ್ಳುತ್ತಾಳೆ. ಸ್ಮೃತಿ ತನ್ನ ಸರದಿ ಯಾವಾಗ ಎಂದು ಕಾಯುತ್ತಾ ಬೆಳೆಯುತ್ತಾಳೆ. ತಪ್ಪು ಹೊತ್ತುಕೊಳ್ಳುವ ಹಕ್ಕೂ ನನಗಿಲ್ಲ ಎಂದು ಗೊತ್ತಾದಾಗ ರಸ್ತೆ ಬದಿಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಯಾವನೋ ಸ್ಕೂಟರಿನವನು ಹಾರನ್ ಹೊಡೆದ.

ಕವನಾ ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ರಿಪೋರ್ಟ್ ಅವಳ ಕೈಗೆ ಕೊಟ್ಟೆ. ಅವಳು ಎರಡು ಸಲ ಓದಿದಳು.

"ಇಲ್ವಂತಾ?"

"ಇಲ್ವಂತೆ. ಆದ್ರೆ ಪೂರ್ತಿ ಇಲ್ಲ ಅನ್ನಕ್ಕೂ ಆಗಲ್ವಂತೆ. ಇನ್ನೊಂದ್ ಆಪರೇಷನ್ ಬೇಡ ಅಂದ್ರು."

ಅವಳು ಹಾಳೆಯನ್ನು ಮಡಚಿದಳು. "ಮತ್ತೆ ನಂದೇ ಹಂಗಾದ್ರೆ," ಎಂದಳು.

"ಅಲ್ಲಮ್ಮ."

"ಮತ್ತೆ ಯಾರ್ದು?"

"ಗೊತ್ತಿಲ್ಲ ಕಣಮ್ಮ. ಡಾಕ್ಟ್ರಿಗೂ ಗೊತ್ತಿಲ್ಲ. ನಂಗೂ ಗೊತ್ತಿಲ್ಲ."

ಅವಳು ನನ್ನನ್ನೇ ನೋಡಿದಳು. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆದರೆ ಅವಳ ಕೆನ್ನೆ ಕೆಂಪಾಯಿತು. ಕಾಯಿಲೆ ಬಂದಾಗಿನಿಂದ ಒಂದು ದಿನವೂ ದನಿ ಎತ್ತದಿದ್ದವಳು ಹಾಳೆಯನ್ನು ನನ್ನ ಎದೆಗೆ ಎಸೆದಳು.

"ಗೊತ್ತಿಲ್ವಾ? ಆರು ತಿಂಗಳು ದಿನಾ ಬೆಳಿಗ್ಗೆ ಎದ್ದು ನೀನೇ ಮಾಡ್ಕೊಂಡಿದ್ದು ಅಂದ್ರಲ್ಲಪ್ಪ. ಒಂದೊಂದ್ ಸಲ ವಾಂತಿ ಮಾಡುವಾಗ್ಲೂ, ನಂಗಿದು ಆಗ್ಬೇಕಾದ್ದೇ ಅಂದ್ಕೊಂಡೆ. ಇವತ್ತು ಹೇಳಿದ್ ಈ ಮಾತು ಆವತ್ತು ಹೇಳಕ್ಕೆ ನಿಮ್ಗೆ ಏನಾಗಿತ್ತು?"

ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು. ನಾನು ಅವಳನ್ನು ಕೈಸನ್ನೆ ಮಾಡಿ ತಡೆದೆ. ಕವನಾ ಬೈಯುತ್ತಲೇ ಇದ್ದಳು. ಕುರ್ಚಿಯನ್ನು ಅವಳ ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತು, ಕೊನೆಯ ಮಾತಿನವರೆಗೂ ಬೈಸಿಕೊಂಡೆ.